ಅಮ್ಮನ ಮದುವೆಯ ಪಟ ಮತ್ತು ವೈಶಾಖದ ಬಿಸಿಲು

ಕಳೆದ ತಿಂಗಳು ನಮ್ಮ ಅಣ್ಣನ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಹಳೆಯ ಪಟಗಳನ್ನು ಕೇಳಿಕೊಂಡು ಮನೆಗೆ ಬಂದಳು. ಹಜಾರದ ಗೋಡೆಯ ಮೇಲಿರುವ ನನ್ನ ತಂದೆತಾಯಿಯರ ಮದುವೆಯ ಪಟವನ್ನು ಇಳಿಸಿ ಕೊಟ್ಟೆ. ಒಂದು ವಾರದ ಅನಂತರ ತಾನು ಬರೆದುದನ್ನು ತಂದು ತೋರಿಸಿದಳು. ಅದರಲ್ಲೊಂದು ವಾಕ್ಯವಿತ್ತು: ‘ನನ್ನ ಮುತ್ತಜ್ಜಿಗೆ ಈ ಮದುವೆ ಇಷ್ಟವಿರಲಿಲ್ಲ, ಅವರ ಮುಖ ನೋಡಿದರೇ ತಿಳಿಯುತ್ತದೆ.’

ನನಗೆ ಕಸಿವಿಸಿಯಾಯಿತು. ಹುಡುಗಿಯನ್ನು ಗದರಿಸುವಂತಿರಲಿಲ್ಲ, ಏಕೆಂದರೆ ಪಟದಲ್ಲಿ ಅಮ್ಮನ ಮುಖ ನಿಜವಾಗಿಯೂ ಹಾಗೆಯೇ ಇದೆ. ಹುಬ್ಬು ಗಂಟಿಕ್ಕಿದೆ, ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಕುಳಿಗಳಿವೆ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಬಾಯಿ ಬಿಗಿದುಕೊಂಡಂತೆ ಕಾಣುತ್ತದೆ. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಶಾಸನವಾಗಲಿ, ನಾಣ್ಯವಾಗಲಿ, ಅದು ಏನು ಹೇಳುತ್ತದೆಂದು ಕೇಳುವ ಮುನ್ನ ಅದು ಹೇಗೆ ತಯಾರಾಯಿತೆಂದು ಕೇಳಬೇಕೆಂದು ನಾನು ಪದೇ ಪದೇ ಹೇಳುತ್ತಿದ್ದೆ. ಆ ಪ್ರಶ್ನೆಯನ್ನು ನಮ್ಮ ಮನೆಯ ಗೋಡೆಯ ಪಟಕ್ಕೆ ಮಾತ್ರ ನಾನೂ ಎಂದೂ ಕೇಳಿರಲಿಲ್ಲ.

ಮದುವೆ ನಡೆದದ್ದು 1954ರ ಮೇ ತಿಂಗಳಲ್ಲಿ, ಚಾಮರಾಜಪೇಟೆಯ ನಮ್ಮ ತಾತನ ಮನೆಯ ಮುಂದೆ ಹಾಕಿದ್ದ ಚಪ್ಪರದಲ್ಲಿ. ಅಭಿಜಿನ್ ಮುಹೂರ್ತ. ಧಾರೆಯಾದ ಕೂಡಲೇ, ಊಟದ ಎಲೆ ಹಾಕುವ ಮುನ್ನ, ವಧೂವರರನ್ನು ಚಪ್ಪರದಿಂದ ಹೊರಗೆ ಕರೆತಂದು ಅಂಗಳದಲ್ಲಿ ನಿಲ್ಲಿಸಿದರಂತೆ. ಅಭಿಜಿನ್ ಎಂದರೆ ಹಗಲಿನ ಎಂಟನೆಯ ಮುಹೂರ್ತ, ನಡುಹಗಲಿನ ಸುತ್ತಲಿನ ನಲವತ್ತೆಂಟು ನಿಮಿಷ. ದೋಷಗಳನ್ನೆಲ್ಲ ಕಳೆಯುವ ಮುಹೂರ್ತವೆಂದು ಹಿರಿಯರು ಅದನ್ನು ನೆಚ್ಚುತ್ತಿದ್ದರು. ಛಾಯಾಚಿತ್ರಕ್ಕೆ ಮಾತ್ರ ಅದಕ್ಕಿಂತ ದೊಡ್ಡ ದೋಷದ ವೇಳೆ ಇನ್ನೊಂದಿಲ್ಲ.

ಕಾರಣ ಭೂಗೋಳದಲ್ಲಿದೆ. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾಯುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಆದರೂ ಹೆಚ್ಚೆಂದರೆ ಹತ್ತು ಡಿಗ್ರಿಯಷ್ಟು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದರಿಂದ ನಮ್ಮೂರಿನ ನಿಜವಾದ ನಡುಹಗಲು ಮೇ ತಿಂಗಳಲ್ಲಿ ಹನ್ನೆರಡೂಕಾಲಕ್ಕೆ. ಆ ಹೊತ್ತಿನಲ್ಲಿ ಬೆಳಕು ಮೇಲಿನಿಂದ ನೇರ ಸುರಿಯುತ್ತದೆ. ಹುಬ್ಬಿನ ಮೂಳೆ ಕಣ್ಣಿಗೆ ಸೂರಾಗುತ್ತದೆ, ಹಣೆಗೆ ಕಟ್ಟಿದ ಬಾಸಿಂಗವಂತೂ ಇನ್ನೊಂದು ಸೂರು. ಬಿಳಿಯ ಪಂಚೆ, ಧಾರೆ ಸೀರೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತವೆ. ಅವುಗಳಿಗೆ ಸರಿಯಾಗುವಂತೆ ಬೆಳಕನ್ನು ಅಳೆದರೆ ಮುಖದ ನೆರಳು ಮಸಿಯಾಗುತ್ತದೆ, ಮುಖಕ್ಕೆ ಸರಿಯಾಗುವಂತೆ ಅಳೆದರೆ ಬಟ್ಟೆ ಸುಣ್ಣದ ಗೋಡೆಯಾಗುತ್ತದೆ.

ಹಾಗಾದರೆ ಅಂಗಳಕ್ಕೇ ಏಕೆ ಬರಬೇಕಿತ್ತು ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಛಾಯಾಚಿತ್ರಣವೆಂಬುದು ಮೂಲದಲ್ಲಿ ಬಿಸಿಲಿನ ವಿದ್ಯೆ. 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಈ ವಿದ್ಯೆ ಬಹುಬೇಗ ನಮ್ಮ ಸೀಮೆಗೂ ಬಂತು. ಕಂಪನಿ ಸೇನೆಯ ಲಿನ್ನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ದೀರ್ಘಕಾಲ ಬೆಳಕಿಗೆ ಒಡ್ಡಬೇಕಾದ ವಿಧಾನವದು. ಶಿಲಾಬಾಲಿಕೆಯರು ಅಲುಗಾಡುವುದಿಲ್ಲವಾದ್ದರಿಂದ ಅವನಿಗೆ ತೊಂದರೆಯಾಗಲಿಲ್ಲ. ಬದುಕಿರುವ ಮದುಮಕ್ಕಳು ಉಸಿರಾಡುತ್ತಾರೆ, ಕಣ್ಣು ಮಿಟುಕಿಸುತ್ತಾರೆ. ಅವರಿಗೆ ಬೇಕಾದದ್ದು ಹೇರಳ ಬೆಳಕು, ಮತ್ತು ಅಲುಗಾಡದಂತೆ ಒರಗಿಕೊಳ್ಳಲು ಒಂದು ಕುರ್ಚಿ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಅಲ್ಲಿಯವರೆಗೆ ಸ್ಟುಡಿಯೋಗಳೂ ಗಾಜಿನ ಸೂರು, ಗಾಜಿನ ಕಿಟಕಿಗಳನ್ನೇ ನೆಚ್ಚಿಕೊಳ್ಳಬೇಕಿತ್ತು. ನಮ್ಮ ತಲೆಮಾರಿಗೆಲ್ಲ ಪರಿಚಿತವಾದ ಜಿ.ಕೆ. ವೇಲ್ ಆರಂಭವಾದದ್ದು 1910ರಲ್ಲಿ. ಆದರೆ ಮದುವೆಯ ಮನೆಯಿಂದ ಎಲ್ಲರೂ ಸ್ಟುಡಿಯೋಗೆ ಹೋಗಲಾಗುತ್ತದೆಯೆ? ಸ್ಟುಡಿಯೋವೇ ಮನೆಗೆ ಬರುತ್ತಿತ್ತು: ಮೂರು ಕಾಲಿನ ಕ್ಯಾಮೆರಾ, ಕಪ್ಪು ಬಟ್ಟೆ, ಕೆಲವೊಮ್ಮೆ ಎರಡು ಗಳುಗಳ ನಡುವೆ ಬಿಗಿಯಲು ಬಣ್ಣದ ಪರದೆ.

ಅದಕ್ಕೆ ಜಾಗವೂ ಒದಗಿ ಬಂದಿತ್ತೆಂಬುದನ್ನು ಗಮನಿಸಬೇಕು. ಪೇಟೆಯ ಗಲ್ಲಿಗಳಲ್ಲಿ ಅಂಥ ಅಂಗಳಗಳು ಅಪರೂಪ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೇ ಹುಟ್ಟಿದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆಂದೇ ಅಗಲವಾದ ರಸ್ತೆ, ಮನೆಗೊಂದು ಕಾಂಪೌಂಡು ಬಂದವು. ರೋಗಕ್ಕೆ ಹೆದರಿ ಬಿಟ್ಟ ಆ ತೆರಪಿನಲ್ಲಿಯೇ ಮುಂದಿನ ಎರಡು ಮೂರು ತಲೆಮಾರಿನ ಮದುಮಕ್ಕಳು ಪಟಕ್ಕೆ ನಿಂತರು.

ಕುಶಲಿಯಾದ ಛಾಯಾಗ್ರಾಹಕನಿಗೆ ಬಿಸಿಲನ್ನು ಪಳಗಿಸುವ ಉಪಾಯಗಳು ಗೊತ್ತಿದ್ದವು. ಅವುಗಳಲ್ಲಿ ಕೆಲವನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಮದುಮಕ್ಕಳ ಪಾದದ ಮುಂದೆ, ಪಟದ ಅಂಚಿನ ಆಚೆಗೆ, ಒಗೆದ ಬಿಳಿ ಪಂಚೆಯನ್ನು ಹಾಸುತ್ತಿದ್ದರು. ನೆಲದಿಂದ ಎದ್ದ ಬೆಳಕು ಕಣ್ಣಿನ ಕುಳಿಗಳನ್ನು ತುಂಬುತ್ತಿತ್ತು. (ಈಗಿನವರು ಬೆಳ್ಳಿಯ ಬಣ್ಣದ ದುಂಡನೆಯ ರಿಫ್ಲೆಕ್ಟರ್ ಹಿಡಿಯುತ್ತಾರೆ, ಹೆಚ್ಚು ದುಡ್ಡು ಕೊಟ್ಟು ಕೊಂಡ ಪಂಚೆ ಅದು.) ಬೆಳಗಿನ ಬಿಸಿಲಾದರೆ ಮದುಮಕ್ಕಳ ಬೆನ್ನನ್ನು ಸೂರ್ಯನ ಕಡೆಗೆ ತಿರುಗಿಸುತ್ತಿದ್ದರು. ಹೊಂಗೆಯ ಮರದಡಿ ನಿಲ್ಲಿಸಿದರೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಮುಖವನ್ನು ಚಿರತೆಯ ಮೈಯಾಗಿಸುತ್ತವೆಂದು ಬಲ್ಲವರು ದಟ್ಟವಾದ, ಒಂದೇ ಸಮನಾದ ನೆರಳನ್ನು ಹುಡುಕುತ್ತಿದ್ದರು. ಎಲ್ಲಕ್ಕಿಂತ ಮೇಲಾದದ್ದು ಪೂರ್ವಕ್ಕೆ ತೆರೆದ ಜಗಲಿ, ಮಧ್ಯಾಹ್ನ ಮೂರರ ಮೇಲೆ. ಸೂರ್ಯ ಮನೆಯ ಹಿಂದಕ್ಕೆ ಸರಿದಿರುತ್ತಾನೆ, ಎದುರಿಗೆ ವಿಶಾಲವಾದ ಆಕಾಶ ಮಾತ್ರ ಇರುತ್ತದೆ. ಅಲ್ಲಿ ಬೆಳಕು ಬಿಸಿಲಿನ ಎಂಟನೆಯ ಒಂದು ಪಾಲಷ್ಟೇ, ಆದರೆ ಮುಖದ ಮೇಲೆ ಗಂಧ ಲೇಪಿಸಿದಂತೆ ಹರಡುತ್ತದೆ. ಇಂಗ್ಲಿಷ್ ಕೈಪಿಡಿಗಳು ಉತ್ತರ ದಿಕ್ಕಿನ ಬೆಳಕೇ ಶ್ರೇಷ್ಠವೆಂದು ಸಾರುತ್ತಿದ್ದವು. ಅವರ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ಮಾಘ ಮಾಸದ ಮದುವೆಗೆ ಆ ಉಪದೇಶ ಇಲ್ಲಿಯೂ ಸರಿ, ವೈಶಾಖಕ್ಕೆ ಸುಳ್ಳು.

ಬೆಳಕಿನ ಜೊತೆಗೆ ಇನ್ನೊಂದು ಮೋಸವೂ ಇತ್ತು. ಹಳೆಯ ಪ್ಲೇಟುಗಳಿಗೆ ಎಲ್ಲ ಬಣ್ಣಗಳೂ ಕಾಣುತ್ತಿರಲಿಲ್ಲ. ಮೊದಮೊದಲಿನವು ನೀಲಿಯನ್ನು ಮಾತ್ರ ಬಲ್ಲವು, ಅವುಗಳಿಗೆ ಅರಿಶಿನವೂ ಕಪ್ಪು, ಕುಂಕುಮವೂ ಕಪ್ಪು. ಮುಂದೆ ಬಂದ ಆರ್ಥೋಕ್ರೋಮ್ಯಾಟಿಕ್ ಬಗೆಯವು ಹಸುರನ್ನು ಕಂಡವು, ಕೆಂಪನ್ನು ಕಾಣಲಿಲ್ಲ. ಎಲ್ಲ ಬಣ್ಣಗಳನ್ನೂ ಕಾಣುವ ಪ್ಯಾಂಕ್ರೋಮ್ಯಾಟಿಕ್ ಪ್ಲೇಟು 1906ರಲ್ಲಿಯೇ ಮಾರಾಟಕ್ಕೆ ಬಂದಿದ್ದರೂ ಹಳೆಯ ಬಗೆ ಬಹುಕಾಲ ಉಳಿಯಿತು. ಅಮ್ಮನ ಪಟದಲ್ಲಿ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿದೆ, ತುಟಿಗಳೂ ಕಪ್ಪಿಟ್ಟಿವೆ. ಅರಿಶಿನ ಕುಂಕುಮಗಳಿಂದಲೇ ಬೆಳಗಬೇಕಾದ ನಮ್ಮ ಮದುಮಗಳ ಮುಖಕ್ಕೆ ಇದಕ್ಕಿಂತ ಒಗ್ಗದ ಸಾಧನ ಬೇರೆ ಬೇಕೆ? ಇನ್ನು ನಗು. 1954ರ ಹೊತ್ತಿಗೆ ಆ ಬಿಸಿಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾಗುತ್ತಿತ್ತು. ಆದರೂ ‘ಅಲುಗಾಡಬೇಡಿ’ ಎಂಬ ಆಜ್ಞೆ ಅಜ್ಜನ ಕಾಲದಿಂದ ಬಂದ ಮಂತ್ರದಂತೆ ಮುಂದುವರಿದಿತ್ತು.

ಹಾಗೆಂದು ಪಟದಲ್ಲಿರುವ ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟಲಾರೆ. ನಮ್ಮ ತಾತನ ಕಾಲದ ಪಟದಲ್ಲಿ ತಾತ ಕುರ್ಚಿಯಲ್ಲಿ ಕುಳಿತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಅಪ್ಪ ಅಮ್ಮ ಇಬ್ಬರೂ ನಿಂತಿದ್ದಾರೆ, ನಡುವೆ ಒಂದು ಗೇಣು ಜಾಗ. 1986ರಲ್ಲಿ ನಮ್ಮ ಮದುವೆಯ ಮರುದಿನ ಲಾಲ್‌ಬಾಗಿನಲ್ಲಿ ತೆಗೆಸಿದ ಬಣ್ಣದ ಪಟದಲ್ಲಿ ನಮ್ಮವರ ಕೈ ನನ್ನ ಭುಜದ ಮೇಲಿದೆ, ಇಬ್ಬರ ಮುಖದ ಮೇಲೂ ಹುಲ್ಲುಹಾಸಿನ ಹಸುರು ಛಾಯೆ ಇದೆ. ಆ ದಿನ 1889ರ ಗಾಜಿನ ಮನೆಯೊಳಗೆ ನಿಂತಿದ್ದರೆ ಆ ಹಸುರು ಇಷ್ಟು ಕಾಡುತ್ತಿರಲಿಲ್ಲವೇನೋ. ಕುರ್ಚಿ, ಗೇಣು, ಭುಜ: ಇವು ಸಮಾಜದ ಇತಿಹಾಸ. ಅವುಗಳನ್ನು ಆ ಹುಡುಗಿ ಬರೆಯಲಿ. ಕಣ್ಣಿನ ಕುಳಿ ಸೂರ್ಯನದು.

ಇಷ್ಟೆಲ್ಲ ಹೇಳಿದ ಮೇಲೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನನಗೂ ಸಾಕ್ಷ್ಯ ಬೇಕೆನಿಸಿತು. ಮಲ್ಲೇಶ್ವರದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಈಗ ಎಂಬತ್ತೇಳು. ಅಕ್ಕನ ಮದುವೆಯ ದಿನ ಹದಿನಾರರ ಹುಡುಗಿ. ಅವರ ಟ್ರಂಕಿನಲ್ಲಿ ಅದೇ ದಿನದ ಇನ್ನೊಂದು ಪಟವಿರುವುದು ನನಗೆ ತಿಳಿದದ್ದೇ ಈಗ. ಸಂಜೆ ನಾಲ್ಕೂವರೆಯ ಹೊತ್ತಿಗೆ ಮೋಡ ಕವಿದು ಮಳೆ ಬರುವಂತಾಗಿತ್ತಂತೆ. ಛಾಯಾಗ್ರಾಹಕನ ಬಳಿ ಒಂದು ಪ್ಲೇಟು ಉಳಿದಿತ್ತಂತೆ. ವಾಪಸು ಕೊಂಡೊಯ್ಯುವುದೇಕೆಂದು ಜಗಲಿಯಲ್ಲಿದ್ದವರನ್ನು ಹಾಗೆಯೇ ತೆಗೆದನಂತೆ. ಅಮ್ಮ ಕಂಬಕ್ಕೆ ಒರಗಿ ಕುಳಿತಿದ್ದಾರೆ, ಬಾಸಿಂಗವಿಲ್ಲ. ಕುಂಕುಮ ಇಲ್ಲಿಯೂ ಕಪ್ಪೇ. ಆದರೆ ಕಣ್ಣುಗಳು ಕಾಣುತ್ತವೆ, ಒಂದೊಂದರಲ್ಲಿಯೂ ಆಕಾಶದ ಒಂದು ಬಿಳಿಯ ಚುಕ್ಕೆ. ನಗುತ್ತಿದ್ದಾರೆಯೆ? ಹೇಳಲಾರೆ. ದಣಿದಿದ್ದಾರೆ, ಯಾರದೋ ಮಾತು ಕೇಳಿಸಿಕೊಳ್ಳುತ್ತಿದ್ದಾರೆ.

ಈ ಪಟ ನೋಡಿ ಅಮ್ಮನಿಗೆ ಮದುವೆ ಇಷ್ಟವಿತ್ತೆಂದು ನಾನು ಸಾಧಿಸಿದರೆ ಅದೂ ಅಣ್ಣನ ಮೊಮ್ಮಗಳು ಮಾಡಿದ ತಪ್ಪೇ ಆದೀತು. ಹದಿನೆಂಟರ ಹುಡುಗಿಯ ಇಷ್ಟವನ್ನು ಅಂದು ಯಾರೂ ಕೇಳಿರಲಾರರು, ಮುಂದೆ ನಾವೂ ಕೇಳಲಿಲ್ಲ. ಹಜಾರದ ಪಟದ ಬಗ್ಗೆ ಅಮ್ಮ ಬದುಕಿದ್ದಾಗ ಆಡಿದ ಮಾತು ನನಗೆ ನೆನಪಿರುವುದು ಒಂದೇ. ನಾನದನ್ನು ಕೇಳಿ ಎಷ್ಟೋ ಸಲ ನಕ್ಕಿದ್ದೇನೆ, ಅರ್ಥ ಮಾಡಿಕೊಂಡಿರಲಿಲ್ಲ: ‘ಅಂಗಳದ ಕಲ್ಲುಚಪ್ಪಡಿ ಕೆಂಡವಾಗಿತ್ತು ಕಣೇ. ಬರಿಗಾಲು. ಅವನು ಕಪ್ಪು ಬಟ್ಟೆಯೊಳಗಿಂದ ಹೊರಗೇ ಬರಲೊಲ್ಲ.’

ಹುಡುಗಿ ತನ್ನ ವಾಕ್ಯವನ್ನು ಹೊಡೆದುಹಾಕಲಿಲ್ಲ. ಎರಡನೆಯ ಪಟವನ್ನು ಅದರ ಪಕ್ಕದಲ್ಲಿ ಅಂಟಿಸಿ, ಒಂದರ ಕೆಳಗೆ ‘ಮಧ್ಯಾಹ್ನ ಹನ್ನೆರಡೂಕಾಲು, ಬಿಸಿಲು, ಬರಿಗಾಲು’ ಎಂದೂ ಇನ್ನೊಂದರ ಕೆಳಗೆ ‘ಸಂಜೆ ನಾಲ್ಕೂವರೆ, ಮೋಡ’ ಎಂದೂ ಪೆನ್ಸಿಲ್ಲಿನಲ್ಲಿ ಬರೆದಳು.