ಅರ್ಧ ಬರೆದ ನಿಯಮಗಳು

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಒಂದು ರಟ್ಟಿನ ಪೆಟ್ಟಿಗೆ ಮಾರಾಟಕ್ಕೆ ಬಂತು. ಹೊರಗೆ ಮರದ ಹಲಗೆಯಂತೆ ಕಾಣುವ ಕಂದು ಕಾಗದ, ಒಳಗೆ ಮೂರು ತೆಳು ಪುಸ್ತಿಕೆ, ಜೊತೆಗೆ ಕೋಷ್ಟಕಗಳ ಕೆಲವು ಬಿಡಿ ಹಾಳೆ. ಬೆಲೆ 10 ಡಾಲರ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮೊದಲ ಮುದ್ರಣ 1000 ಪ್ರತಿ. ಅಷ್ಟನ್ನೂ ಪೆಟ್ಟಿಗೆಗೆ ತುಂಬಿ ಚೀಟಿ ಅಂಟಿಸಿದ್ದು ಮನೆಯಲ್ಲೇ ಕೂತು, ಕೈಯಿಂದ. ಕೊಂಡವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅದರಲ್ಲಿ ಏನೇನಿಲ್ಲ ಎಂಬುದು. ದಾಳ ಇರಲಿಲ್ಲ, ಬೇರೆಯಾಗಿ ತರಿಸಿಕೊಳ್ಳಬೇಕಿತ್ತು. ಹಾಗೆ ಬಂದ ಇಪ್ಪತ್ತು ಮುಖದ ದಾಳದ ಮೇಲೂ 0ಯಿಂದ 9ರವರೆಗಿನ ಅಂಕಿಗಳೇ ಎರಡೆರಡು ಸಲ. ಬಿದ್ದದ್ದು ಮೂರೋ ಹದಿಮೂರೋ ತಿಳಿಯಲು ಅರ್ಧ ಮುಖಗಳಿಗೆ ಒಂದು ಬಣ್ಣದ ಕ್ರೆಯಾನ್, ಉಳಿದರ್ಧಕ್ಕೆ ಇನ್ನೊಂದು ಬಣ್ಣ ತೀಡಿಕೊಳ್ಳಬೇಕು. ಕಾದಾಟದ ವಿವರ ಬೇಕಾದರೆ ಗೈಗ್ಯಾಕ್ಸ್‌ ಬಳಗದ ಹಳೆಯ ಯುದ್ಧದಾಟ ಚೈನ್‌ಮೇಲ್ ಕೈಲಿರಬೇಕು. ಕಾಡುಮೇಡು ಅಲೆಯಲು ಬೇರೊಂದು ಕಂಪನಿಯ ಔಟ್‌ಡೋರ್ ಸರ್ವೈವಲ್ ಎಂಬ ಆಟದ ನಕ್ಷೆ ತರಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ, ನಮ್ಮನ್ನು ಕೇಳುತ್ತ ಕೂರಬೇಡಿ, ನಿಮಗೆ ಸರಿ ಕಂಡಂತೆ ನಡೆಸಿಕೊಳ್ಳಿ ಎಂಬ ಧಾಟಿಯಲ್ಲಿ ಲೇಖಕರು ಕೊನೆಯ ಪುಸ್ತಿಕೆಯನ್ನು ಮುಗಿಸಿದ್ದರು.

ಇದು ಎಂಥ ಆಟ ಎಂದು ಕೇಳುವವರಿಗೆ ತಾಳಮದ್ದಳೆಯನ್ನು ನೆನಪಿಸಿದರೆ ಅರ್ಧ ಕೆಲಸ ಮುಗಿದಂತೆ. ವೇಷವಿಲ್ಲ, ರಂಗವಿಲ್ಲ, ನಾಲ್ಕಾರು ಜನ ಸುತ್ತ ಕೂತು, ತಲಾ ಒಂದು ಪಾತ್ರ ವಹಿಸಿ, ಮಾತಿನಲ್ಲೇ ಕತೆ ಕಟ್ಟುತ್ತಾರೆ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲಿಗೆ ಮುಟ್ಟಬೇಕೆಂಬುದು ಮೊದಲೇ ಗೊತ್ತು, ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಉಳಿಯುವುದಿಲ್ಲ. ಪಾತ್ರದಾಟದಲ್ಲಿ (ರೋಲ್‌ಪ್ಲೇಯಿಂಗ್ ಗೇಮ್ ಅನ್ನು ಹೀಗೆ ಕರೆಯೋಣ) ಕರ್ಣ ಉಳಿಯಲೂಬಹುದು. ಅದನ್ನು ದಾಳ, ನಿಯಮ ಮತ್ತು ಆಟ ನಡೆಸುವ ಗೇಮ್ ಮಾಸ್ಟರ್ ಸೇರಿ ನಿರ್ಧರಿಸುತ್ತಾರೆ. ಈ ಆಟಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಬಗೆಯೊಂದಿದೆ. ಮೊದಲು ಒಂದು ದೊಡ್ಡ ಕಂಪನಿ ಇತ್ತು, ಅದರ ದೊಡ್ಡ ಆಟ ಇತ್ತು. 2000ದ ಆಸುಪಾಸಿನಲ್ಲಿ ಕೆಲವು ಬಂಡಾಯಗಾರರು ಎದ್ದು 'ಇಂಡೀ' ಎಂಬ ಸ್ವತಂತ್ರ ಆಟಗಳನ್ನು ತಂದರು ಎಂದು. ನನಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಸ್ವಂತವಾಗಿ ಆಟ ಬರೆದು, ಪ್ರತಿ ತೆಗೆದು, ಗೆಳೆಯರಿಗೆ ಹಂಚುವುದೇ ಈ ಕಸುಬಿನ ಮೂಲಸ್ಥಿತಿ. ಕಂಪನಿ ಆಮೇಲೆ ಬಂದು ಅದರ ಮೇಲೆ ಕೂತದ್ದು.

ಹಿಂದಕ್ಕೆ ಹೋದಷ್ಟೂ ಈ ಮಾತು ಗಟ್ಟಿಯಾಗುತ್ತದೆ. ನಮ್ಮ ಚತುರಂಗ ಪರ್ಷಿಯಾ, ಅರಬ್ ನಾಡುಗಳನ್ನು ಹಾದು ಯುರೋಪಿನ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಹೆಲ್ವಿಗ್ ಎಂಬ ಮೇಷ್ಟ್ರು ಆ ಚೆಸ್ ಮಣೆಯನ್ನೇ ಹಿಗ್ಗಿಸಿ ಯುದ್ಧದಾಟ ಮಾಡಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಮಣೆಯನ್ನು ಬಿಟ್ಟು ನಕ್ಷೆ ಹಿಡಿದ, ತೀರ್ಪು ಕೊಡಲು ಒಬ್ಬ ನಡುವಿನವನನ್ನು ಕೂರಿಸಿದ. 1880ರಲ್ಲಿ ಅಮೆರಿಕದ ಸೈನ್ಯದ ಚಾರ್ಲ್ಸ್ ಟಾಟನ್ ಬರೆದ ಸ್ಟ್ರಾಟೆಗಾಸ್ ಎಂಬ ಪುಸ್ತಕದಲ್ಲಿ ಆ ನಡುವಿನವನ ಅಧಿಕಾರ ಇನ್ನೂ ಬೆಳೆದಿತ್ತು: ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಆಗುತ್ತದೋ ಇಲ್ಲವೋ ಹೇಳುವುದು ರೆಫರಿಯ ಕೆಲಸ. ಈ ಹಳೆಯ ಪುಸ್ತಕ ಮಿನೆಸೋಟಾದ ಡೇವಿಡ್ ವೆಸ್ಲಿಯ ಕೈಗೆ ಸಿಕ್ಕಿತು. 1969ರಲ್ಲಿ ಆತ ನೆಪೋಲಿಯನ್ ಕಾಲದ ಒಂದು ಕಲ್ಪಿತ ಊರಿನ ಯುದ್ಧದಾಟ ಏರ್ಪಡಿಸಿ, ಸೇನಾಪತಿಗಳಲ್ಲದವರಿಗೂ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿದ. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ತಂತಮ್ಮ ಒಳಸಂಚು, ಜಗಳಗಳಲ್ಲಿ ಮುಳುಗಿ ಆಟ ಗೋಜಲಾಯಿತು. ಕೆಟ್ಟೇಹೋಯಿತು ಎಂದುಕೊಂಡ ವೆಸ್ಲಿ. ಆಡಿದವರು ಮಾತ್ರ ಇನ್ನೊಮ್ಮೆ ಬೇಕು ಎಂದರು. ಆ ಬಳಗದಲ್ಲಿದ್ದ ಆರ್ನೆಸನ್ 1971ರ ಹೊತ್ತಿಗೆ ಇದೇ ರೀತಿಯನ್ನು ಮಾಂತ್ರಿಕರು, ನೆಲಮಾಳಿಗೆಗಳ ಲೋಕಕ್ಕೆ ಒಯ್ದು ಬ್ಲ್ಯಾಕ್‌ಮೂರ್ ಆಡಿಸುತ್ತಿದ್ದ. ಇಷ್ಟೂ ದಾರಿಯಲ್ಲಿ ಆಟದ ಕಂಪನಿ ಎಂಬ ಪ್ರಾಣಿ ಎಲ್ಲೂ ಎದುರಾಗುವುದಿಲ್ಲ.

ಪೆಟ್ಟಿಗೆ ಹೊರಬಿದ್ದ ಮೇಲೆ ಆದದ್ದೂ ಅದೇ. ಅರಿಜೋನಾದ ಫೀನಿಕ್ಸ್‌ನಲ್ಲಿ ಕೆನ್ ಸೇಂಟ್ ಆಂಡ್ರೆ ಆ ಪುಸ್ತಿಕೆಗಳನ್ನು ಓದಿದ. ಕಲ್ಪನೆ ಹಿಡಿಸಿತು, ನಿಯಮ ತಲೆಗೆ ಹತ್ತಲಿಲ್ಲ. ಸಿಗದ ದಾಳಗಳ ಗೊಡವೆಯೇ ಬೇಡವೆಂದು, ಮಾಮೂಲಿ ಆರು ಮುಖದ ದಾಳ ಸಾಕಾಗುವಂತೆ ತನ್ನದೇ ಆಟ ಬರೆದು 1975ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಅದೇ ಟನಲ್ಸ್ ಅಂಡ್ ಟ್ರೋಲ್ಸ್. ಅಮೆರಿಕದ ಕಾನೂನು ಆಟದ ಬರವಣಿಗೆಗೆ ಹಕ್ಕುಸ್ವಾಮ್ಯ ಕೊಡುತ್ತದೆಯೇ ಹೊರತು ಆಡುವ ವಿಧಾನಕ್ಕಲ್ಲ; ಹಾಗಾಗಿ ದಾರಿ ಬಯಲಾಗಿಯೇ ಇತ್ತು. ಅದೇ 1975ರಲ್ಲಿ ಲಾಸ್ ಏಂಜಲೀಸ್‌ನ ಲೀ ಗೋಲ್ಡ್ ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್ ಎಂಬ ಮಾಸಿಕ ಶುರುಮಾಡಿದರು. ಇದನ್ನು ಪತ್ರಿಕೆ ಎನ್ನುವುದಕ್ಕಿಂತ ಅಂಚೆಯಲ್ಲಿ ನಡೆಯುವ ಹರಟೆಕಟ್ಟೆ ಎನ್ನಬೇಕು. ಬರೆಯುವವರು ತಮ್ಮ ಪುಟಗಳನ್ನು ತಾವೇ ಟೈಪ್ ಮಾಡಿ ಕಳಿಸುತ್ತಿದ್ದರು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು ಎಲ್ಲವನ್ನೂ ಒಟ್ಟಿಗೆ ಹೊಲಿದು ಎಲ್ಲರಿಗೂ ಕಳಿಸಲಾಗುತ್ತಿತ್ತು. ಸ್ಟೆನ್ಸಿಲ್ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಕುಟ್ಟಿ, ತಪ್ಪಾದಲ್ಲಿ ಕೆಂಪು ದ್ರವ ಹಚ್ಚಿ ಮುಚ್ಚುತ್ತಿದ್ದ ಕಾಲವನ್ನು ಕಂಡ ನಮ್ಮ ಹಳೆಯ ಗುಮಾಸ್ತರಿಗೆ ಆ ಪುಟಗಳ ಮಸಿ ಹರಡಿದ ಅಕ್ಷರ ಅಪರಿಚಿತವಲ್ಲ. ಹೊಸ ಮಂತ್ರ, ಹೊಸ ಕೋಷ್ಟಕ, ಹೋದ ವಾರದ ಆಟದ ವರದಿ, ಹಿಂದಿನ ಸಂಚಿಕೆಯಲ್ಲಿ ಬರೆದವರಿಗೆ ಉತ್ತರ, ಎಲ್ಲ ಅದರಲ್ಲಿ. ಅರ್ಧ ಬರೆದ ನಿಯಮ ಕೈಗೆ ಬಂದರೆ ಓದುಗ ಉಳಿದರ್ಧ ಬರೆಯುತ್ತಾನೆ. ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸದೆ ಇರಲಾರ.

ಹಾಗಿದ್ದರೆ ಗೈಗ್ಯಾಕ್ಸ್‌ನ ಒಂದೇ ಕಂಪನಿ ದಶಕಗಟ್ಟಲೆ ಮೇಲುಗೈ ಸಾಧಿಸಿದ್ದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಆಟದ ಗುಣಮಟ್ಟದಲ್ಲಿಲ್ಲ. ಪಾತ್ರದಾಟಕ್ಕೆ ನಾಲ್ಕು ಜನ ಬೇಕು, ಆ ನಾಲ್ವರಿಗೂ ಒಂದೇ ನಿಯಮ ಗೊತ್ತಿರಬೇಕು. ಹೊಸ ಊರಿಗೆ ಹೋದವರು ಹೆಚ್ಚು ಜನಕ್ಕೆ ಗೊತ್ತಿರುವ ಆಟವನ್ನೇ ಹುಡುಕುತ್ತಾರೆ. ಹಾಗಾಗಿ ಮೊದಲು ಬಂದದ್ದು ಮುಂದೆಯೇ ಉಳಿಯುತ್ತದೆ. ಗೈಗ್ಯಾಕ್ಸ್‌ಗೆ ಇದು ಬೇಗ ಅರ್ಥವಾಯಿತು. 1977ರಿಂದ 1979ರವರೆಗೆ ಬಂದ ಅಡ್ವಾನ್ಸ್‌ಡ್ ಆವೃತ್ತಿಯ ದಪ್ಪ ಪುಸ್ತಕಗಳ ಹೊತ್ತಿಗೆ, ಎಲ್ಲ ಕಡೆ ಒಂದೇ ರೀತಿ ಆಡಬೇಕು ಎಂದು ಆತನೇ ವಾದಿಸತೊಡಗಿದ್ದ. ನಿಮಗೆ ಸರಿ ಕಂಡಂತೆ ನಡೆಸಿ ಎಂದಿದ್ದ ಅದೇ ಮನುಷ್ಯ. ಅದರ ಬೆಲೆಯನ್ನು ಮೊದಲು ತೆತ್ತವರು ಸೃಷ್ಟಿಕರ್ತರೇ. ಹೊಸ ಆವೃತ್ತಿ ಬೇರೆಯೇ ಆಟ ಎಂದು ಕಂಪನಿ ಗೌರವಧನ ನಿರಾಕರಿಸಿದಾಗ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದ, 1981ರಲ್ಲಿ ರಾಜಿಯಾಯಿತು. 1985ರಲ್ಲಿ ಕಂಪನಿಯ ಹಿಡಿತ ಗೈಗ್ಯಾಕ್ಸ್‌ನ ಕೈಯನ್ನೂ ತಪ್ಪಿತು. 1990ರ ದಶಕದಲ್ಲಿ ಅದೇ ಕಂಪನಿ, ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಹಂಚಿಕೊಳ್ಳುತ್ತಿದ್ದ ಮನೆಬರಹದ ಸಾಮಗ್ರಿಯ ಮೇಲೂ ವಕೀಲರ ಮೂಲಕ ಕಣ್ಣಿಟ್ಟಿತು. 1997ರಲ್ಲಿ ಸಾಲದಲ್ಲಿ ಮುಳುಗಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ರಾನ್ ಎಡ್ವರ್ಡ್ಸ್ ಹೇಳಿದ್ದರ ತೂಕ ತಿಳಿಯುತ್ತದೆ. ಆತ ತನ್ನ ಸಾರ್ಸರರ್ ಆಟವನ್ನು 1990ರ ದಶಕದಲ್ಲಿ ಕಂಪ್ಯೂಟರ್ ಕಡತವಾಗಿಯೇ ಹಂಚಿ, 2001ರಲ್ಲಿ ಪುಸ್ತಕ ಮಾಡಿದ; ಕ್ಲಿಂಟನ್ ನಿಕ್ಸನ್ ಜೊತೆ ಫೋರ್ಜ್ ಎಂಬ ಚರ್ಚಾವೇದಿಕೆ ನಡೆಸಿದ. ಸ್ವತಂತ್ರ ಆಟ ಎಂದರೆ ಸಣ್ಣ ಆಟವೂ ಅಲ್ಲ, ವಿಚಿತ್ರ ಆಟವೂ ಅಲ್ಲ, ಹಕ್ಕು ಬರೆದವರ ಕೈಯಲ್ಲೇ ಇರುವ ಆಟ ಎಂಬುದು ಅಲ್ಲಿನ ವ್ಯಾಖ್ಯೆ. 1974ರ ಪೆಟ್ಟಿಗೆಯೂ ಆ ಲೆಕ್ಕಕ್ಕೆ ಸ್ವತಂತ್ರವೇ ಆಗುತ್ತದಲ್ಲ, ಹಾಗಾದರೆ ಈ ಪದಕ್ಕೆ ಅರ್ಥವೇನು ಉಳಿಯಿತು ಎಂದು ಕೇಳುವವರಿದ್ದಾರೆ. ಹೌದು, ಆಗುತ್ತದೆ; ಆರ್ನೆಸನ್ ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಆಗಿ ಉಳಿದಿರಲಿಲ್ಲ. ಪದ ಉಪಯೋಗಕ್ಕೆ ಬರುವುದೇ ಈ ವ್ಯತ್ಯಾಸವನ್ನು ತೋರಿಸಲು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಮನೆಯಲ್ಲಿ ಕೂತು ನಿಯಮ ತಿದ್ದಿಕೊಳ್ಳುವುದು ಬೇರೆ, ಹೊಸ ಆಟವನ್ನೇ ವಿನ್ಯಾಸ ಮಾಡುವುದು ಬೇರೆ. ಸೈಕ್ಲೋಸ್ಟೈಲ್ ಕಾಲದವರು ಒಂದೇ ಅಡುಗೆಗೆ ಉಪ್ಪುಖಾರ ಹೆಚ್ಚುಕಡಿಮೆ ಮಾಡಿದರು, ಫೋರ್ಜ್ ಬಳಗ ಅಡುಗೆಯನ್ನೇ ಬದಲಿಸಿತು ಎಂಬ ವಾದ. ಇದರಲ್ಲಿ ಸತ್ಯವಿದೆ. ಪಾಲ್ ಚೇಗೆಯ ಮೈ ಲೈಫ್ ವಿತ್ ಮಾಸ್ಟರ್ (2003) ನೋಡಿ. ಆಟಗಾರರೆಲ್ಲ ಒಬ್ಬ ಕ್ರೂರ ಯಜಮಾನನ ಆಳುಗಳು. ಅವನು ಊರಿನವರಿಗೆ ಹಿಂಸೆ ಕೊಡು ಎಂದರೆ ಹೋಗಬೇಕು. ಕತ್ತಿ, ಕವಚ, ಚಿನ್ನದ ಲೆಕ್ಕ ಒಂದೂ ಇಲ್ಲ. ಆಳಿನ ಹಾಳೆಯ ಮೇಲಿರುವುದು ಪ್ರೀತಿ, ದಣಿವು, ತನ್ನ ಮೇಲಿನ ಹೇಸಿಗೆ ಎಂಬ ಮೂರು ಲೆಕ್ಕ. ಊರಿನ ಯಾರದೋ ಜೊತೆ ಸಲುಗೆ ಬೆಳೆದಂತೆ ಪ್ರೀತಿ ಏರುತ್ತದೆ. ಯಜಮಾನನ ಭಯ ಮತ್ತು ಆಳಿನ ದಣಿವು ಎರಡನ್ನೂ ಕೂಡಿದರೆ ಬರುವ ಮೊತ್ತವನ್ನು ಪ್ರೀತಿ ಮೀರಿದ ದಿನ ಅವನು ಒಡೆಯನಿಗೆ ತಿರುಗಿಬೀಳಬಹುದು. ಆಟ ಅಲ್ಲಿಂದ ಮುಕ್ತಾಯದತ್ತ ಹೊರಳುತ್ತದೆ. ಒಂದು ಅಸಮಾನತೆಯ ಸೂತ್ರದೊಳಗೆ ಇಡೀ ದುರಂತಕತೆ. ಇಂಥದ್ದು ಉಪ್ಪುಖಾರದ ತಿದ್ದುಪಡಿಯಿಂದ ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಕೆನ್ ಸೇಂಟ್ ಆಂಡ್ರೆಯೂ ತಿದ್ದುತ್ತ ಹೊರಟು ಬೇರೆ ಆಟಕ್ಕೆ ಮುಟ್ಟಿದವನೇ. ಒಂದೊಂದೇ ನಿಯಮ ಕಿತ್ತು ನೋಡುವ ಅಭ್ಯಾಸ ಇಲ್ಲದಿದ್ದರೆ ಕತ್ತಿಯನ್ನೇ ಕಿತ್ತು ಹಾಕಬಹುದೆಂಬ ಧೈರ್ಯ ಎಲ್ಲಿಂದ ಬರಬೇಕಿತ್ತು?

ಕಂಪನಿಯೂ ಸುಮ್ಮನಿರಲಿಲ್ಲ. 2000ದಲ್ಲಿ ವಿಝರ್ಡ್ಸ್ ತನ್ನ ನಿಯಮಗಳ ತಿರುಳನ್ನು ಓಪನ್ ಗೇಮ್ ಲೈಸೆನ್ಸ್ ಹೆಸರಿನಲ್ಲಿ ಎಲ್ಲರ ಬಳಕೆಗೆ ಬಿಟ್ಟಿತು. ಉದಾರತೆ ಎಂದು ಹೊಗಳಿದವರುಂಟು. ಅದರ ಹಿಂದಿದ್ದ ರಯಾನ್ ಡ್ಯಾನ್ಸಿ ವ್ಯಾಪಾರದ ಲೆಕ್ಕವನ್ನು ಮುಚ್ಚಿಡಲಿಲ್ಲ: ಯಾರು ಏನೇ ಪೂರಕ ಪುಸ್ತಕ ಬರೆದರೂ ಮೂಲ ಪುಸ್ತಕ ಮಾರುವುದು ನಾವೇ. ಲೆಕ್ಕ ಸರಿಯಾಗಿಯೇ ಇತ್ತು, ಬರೆದವರಿಗೂ ಲಾಭವಾಯಿತು. ಆದರೆ ಬಾಡಿಗೆ ಮನೆ ಬಾಡಿಗೆ ಮನೆಯೇ. 2023ರ ಜನವರಿಯಲ್ಲಿ ಹೊಸ ಲೈಸೆನ್ಸಿನ ಕರಡು ಸೋರಿತು. ಹಳೆಯದು ರದ್ದು, ವರ್ಷಕ್ಕೆ 7,50,000 ಡಾಲರ್‌ಗಿಂತ ಹೆಚ್ಚು ವಹಿವಾಟು ಇರುವವರಿಂದ ಪಾಲು ಎಂದಿತ್ತು. ಎದ್ದ ಗದ್ದಲಕ್ಕೆ ಕಂಪನಿ ಹಿಂದೆ ಸರಿದು, ಅದೇ ತಿಂಗಳ 27ಕ್ಕೆ ನಿಯಮಗಳ ತಿರುಳನ್ನು ಮರಳಿ ಕಿತ್ತುಕೊಳ್ಳಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಇತ್ತ ಆಟಗಳು ಗಾತ್ರದಲ್ಲಿ ಕುಗ್ಗುತ್ತ ಬಂದವು. ಜಾನ್ ಹಾರ್ಪರ್ 2013ರಲ್ಲಿ ಬರೆದ ಲೇಸರ್ಸ್ ಅಂಡ್ ಫೀಲಿಂಗ್ಸ್ ಒಂದೇ ಪುಟದ್ದು. ಆಟಗಾರ 2ರಿಂದ 5ರೊಳಗೆ ಒಂದು ಅಂಕಿ ಆರಿಸುತ್ತಾನೆ. ಯಂತ್ರ, ತರ್ಕದ ಕೆಲಸಕ್ಕೆ ದಾಳ ಅದಕ್ಕಿಂತ ಕಡಿಮೆ ಬೀಳಬೇಕು, ಮನಸ್ಸಿನ ಕೆಲಸಕ್ಕೆ ಹೆಚ್ಚು. ಒಂದರಲ್ಲಿ ಚುರುಕಾದಷ್ಟೂ ಇನ್ನೊಂದರಲ್ಲಿ ಮೊಂಡು. ಈ ಒಂದು ಪುಟವನ್ನು ಎದುರಿಗಿಟ್ಟುಕೊಂಡು ಎಷ್ಟೋ ಮಂದಿ ತಂತಮ್ಮ ಪುಟ ಬರೆದಿದ್ದಾರೆ. ಇಷ್ಟೊಂದು ಆಟ ಯಾರು ಆಡುತ್ತಾರೆ, ಬಹುಪಾಲು ಓದಿ ಮಡಿಚಿಡುವುದಕ್ಕೇ ತಾನೇ ಎಂಬ ಗೊಣಗಾಟ ಕೇಳಿಬರುತ್ತದೆ. ಇರಬಹುದು. ಲೀ ಗೋಲ್ಡ್ ಅವರ ಮಾಸಿಕದಲ್ಲಿ ಬಂದ ಮಂತ್ರ, ಕೋಷ್ಟಕಗಳಲ್ಲೂ ಬಹುಪಾಲು ಆಡಿದ್ದು ಬರೆದವರ ಮನೆಯ ಟೇಬಲ್ಲಿನ ಸುತ್ತ ಮಾತ್ರ. ಸ್ಟೆನ್ಸಿಲ್‌ನಿಂದ ಶುರುವಾದ ಆ ಪತ್ರಿಕೆ ಕಡೆಕಡೆಗೆ ಪಿಡಿಎಫ್ ಆಗಿ ಹೋಗುತ್ತಿತ್ತು. ಅದೇ ಸಂಪಾದಕಿಯ ಕೈಯಲ್ಲಿ ಐವತ್ತು ವರ್ಷದಷ್ಟು ನಡೆದು 2025ರಲ್ಲಿ ನಿಂತಿತು.