ಚಾರಣದ ಜಿಪಿಎಸ್ ನಕ್ಷೆ

ಮುಕ್ತ ದತ್ತಾಂಶದಿಂದ ಚಾರಣಿಗರು ತಮಗೆ ಬೇಕಾದಂತೆ ಸಿದ್ಧಪಡಿಸಿಕೊಳ್ಳುವ, ನೆಟ್‌ವರ್ಕ್ ಇಲ್ಲದೆಡೆಯೂ ತೆರೆಯುವ ನಕ್ಷೆ. ಇದರ ಮುಖ್ಯ ಆಕರ, ಸ್ಟೀವ್ ಕೋಸ್ಟ್ 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್.

ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನಗಳಿಗೆ ನಕ್ಷೆ ಮಾಡುವವರು ಹೆಚ್ಚಾಗಿ ಬಳಸುವುದು ಜಾವಾದಲ್ಲಿ ಬರೆದ ಎಂಕೆಜಿಮ್ಯಾಪ್ ಎಂಬ ಉಚಿತ ತಂತ್ರಾಂಶವನ್ನು. ವಿಸ್ತಾರವಾದ ಪ್ರದೇಶವಾದರೆ ದತ್ತಾಂಶವನ್ನು ಮೊದಲು ಸ್ಪ್ಲಿಟರ್ ಎಂಬ ಜೊತೆ ತಂತ್ರಾಂಶದಿಂದ ತುಂಡು ಮಾಡಿಕೊಳ್ಳಬೇಕು. ನಕ್ಷೆಯನ್ನು ಎಷ್ಟು ಹಿಗ್ಗಿಸಿದಾಗ ಏನು ಕಾಣಬೇಕೆಂದು ಶೈಲಿ ಕಡತ ಹೇಳುತ್ತದೆ. ನಿಜವಾದ ಕುಸುರಿ ಕೆಲಸ ಇಲ್ಲೇ. ಕಾರಿನ ನಕ್ಷೆಯಲ್ಲಿ ಮರೆಯಾಗುವ ಕಾಲುದಾರಿ, ತೊರೆ, ಕುಡಿಯುವ ನೀರಿನ ತಾಣಗಳನ್ನು ದೂರದ ನೋಟದಲ್ಲೂ ಉಳಿಸಿಕೊಳ್ಳಬಹುದು. ಸಿದ್ಧವಾದ ಕಡತವನ್ನು ಮೆಮೊರಿ ಕಾರ್ಡಿನ ‘ಗಾರ್ಮಿನ್’ ಫೋಲ್ಡರಿಗೆ ಹಾಕಿದರಾಯಿತು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೆಲದ ಎತ್ತರ ತೋರಿಸುವ ಸಮೋನ್ನತಿ ರೇಖೆಗಳಿಲ್ಲ. ಅವನ್ನು ಸಾಮಾನ್ಯವಾಗಿ ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಅಳೆದ ಎತ್ತರಗಳಿಂದ ಎಳೆಯುತ್ತಾರೆ. ದಟ್ಟ ಕಾಡಿನಲ್ಲಿ ರೇಡಾರ್ ಅಲೆ ನೆಲ ಮುಟ್ಟುವ ಮೊದಲೇ ಮರಗಳಿಂದ ಮರಳುವುದುಂಟು. ಹೀಗಾಗಿ ಪಶ್ಚಿಮಘಟ್ಟದಂಥಲ್ಲಿ ಈ ರೇಖೆಗಳನ್ನು ಅಂದಾಜೆಂದೇ ಓದಬೇಕು.

ನಕ್ಷೆಯಲ್ಲಿ ದಾರಿ ಇದ್ದಮಾತ್ರಕ್ಕೆ ಪ್ರವೇಶವಿದೆ ಎಂದಲ್ಲ. ಕುದುರೆಮುಖ, ಕುಮಾರಪರ್ವತಗಳ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.