ಕನ್ನಡದ ‘ಇದ್ದರೆ’, ಇಂಗ್ಲಿಷಿನ ‘ಇಫ್’: ಕಲ್ಪಿತ ಷರತ್ತುವಾಕ್ಯಗಳ ಬೋಧನೆಗೆ ಮಾತೃಭಾಷೆಯ ಆಧಾರ

1. ಸಮಸ್ಯೆಯ ಸ್ವರೂಪ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಪೂರ್ವ ಹಾಗೂ ಪದವಿ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಸರಳ ಇಂಗ್ಲಿಷ್ ವಾಕ್ಯಗಳನ್ನು ತಕ್ಕಮಟ್ಟಿಗೆ ಕಟ್ಟಬಲ್ಲರು. ಇಲ್ಲದ್ದನ್ನು ಇದೆಯೆಂದು, ನಡೆಯದ್ದನ್ನು ನಡೆದಿತ್ತೆಂದು ಊಹಿಸಿ ಹೇಳಬೇಕಾದಾಗ ಅವರು ತಡವರಿಸುತ್ತಾರೆ. ‘ಇಫ್ ಐ ಹ್ಯಾವ್ ಮನಿ, ಐ ವುಡ್ ಬಿಲ್ಡ್ ಎ ಹೌಸ್’ ಎಂಬಂಥ ವಾಕ್ಯ ಶಿಕ್ಷಕರಿಗೆಲ್ಲ ಪರಿಚಿತ. ವ್ಯಾಕರಣ ಪುಸ್ತಕಗಳು ಇದಕ್ಕೆ ಕೊಡುವ ಪರಿಹಾರ ಸೊನ್ನೆ, ಒಂದು, ಎರಡು, ಮೂರು ಎಂಬ ವಿಧಗಳ ಕೋಷ್ಟಕ. ಸೂತ್ರ ಬಾಯಿಪಾಠವಾಗುತ್ತದೆ, ಬಿಟ್ಟ ಸ್ಥಳ ತುಂಬಿ ಅಂಕವನ್ನೂ ಪಡೆಯಬಹುದು. ಆದರೆ ಇಂದಿನ ಮಾತಿಗೆ ಭೂತಕಾಲದ ‘ಹ್ಯಾಡ್’ ಏಕೆ ಎಂಬ ಪ್ರಶ್ನೆಗೆ ಕೋಷ್ಟಕ ಉತ್ತರಿಸುವುದಿಲ್ಲ. ಉತ್ತರ ವಿದ್ಯಾರ್ಥಿ ದಿನವೂ ಆಡುವ ಕನ್ನಡದಲ್ಲಿದೆ. ಬೋಧನೆ ಅಲ್ಲಿಂದಲೇ ಹೊರಡಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

2. ಭೂತಕಾಲ ಸೂಚಿಸುವ ದೂರ

ಮೈಕೆಲ್ ಲೂಯಿಸ್ 1986ರ ‘ದಿ ಇಂಗ್ಲಿಷ್ ವರ್ಬ್’ ಕೃತಿಯಲ್ಲಿ ಇಂಗ್ಲಿಷಿನ ಭೂತರೂಪವನ್ನು ‘ದೂರ’ವನ್ನು ಸೂಚಿಸುವ ರೂಪವೆಂದು ವಿವರಿಸಿದರು. ಆ ದೂರ ಕಾಲದ್ದಿರಬಹುದು, ವಾಸ್ತವದಿಂದಲೂ ಇರಬಹುದು. ಸಬೀನ್ ಇಯಾಟ್ರಿಡೂ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಧುನಿಕ ಗ್ರೀಕ್ ಮೊದಲಾದ ಭಾಷೆಗಳನ್ನು ಮುಂದಿಟ್ಟುಕೊಂಡು, ವಾಸ್ತವವಿರುದ್ಧ ವಾಕ್ಯಗಳಲ್ಲಿ ಭೂತಪ್ರತ್ಯಯವು ಕಾಲವನ್ನು ಹೇಳದೆಯೂ ನಿಲ್ಲಬಲ್ಲದೆಂದು ತೋರಿಸಿದರು.

ಕನ್ನಡದಲ್ಲೂ ಇದೇ ಬಗೆಯ ರಚನೆಯಿದೆ:

(ಅ) ದುಡ್ಡಿದ್ದರೆ ಮನೆ ಕಟ್ಟುತ್ತೇನೆ.
(ಆ) ದುಡ್ಡಿದ್ದರೆ ಮನೆ ಕಟ್ಟುತ್ತಿದ್ದೆ.

ಮೊದಲನೆಯದರಲ್ಲಿ ದುಡ್ಡು ಇರಲೂಬಹುದು. ಎರಡನೆಯದನ್ನು ಕೇಳಿದವರಿಗೆ ದುಡ್ಡಿಲ್ಲವೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಕಟ್ಟುತ್ತಿದ್ದೆ’ ರೂಪದಲ್ಲಿ ಭೂತವಾದರೂ ಮಾತು ಇಂದಿನದು. ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಮಳೆ ಬಂದರೆ ಅಜ್ಜ ಬಿತ್ತುತ್ತಿದ್ದ’ ಎಂದಾಗ ‘ಉತ್ತಿದ್ದ’ ಹಿಂದಿನ ನಿಜವಾದ ರೂಢಿಯನ್ನು ಹೇಳುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ಹಿಂದಿನ ರೂಢಿ ಮತ್ತು ಕಲ್ಪಿತ ಫಲ ಎರಡಕ್ಕೂ ಬಳಕೆಯಾಗುತ್ತದೆ. ಆದ್ದರಿಂದ ಕಲ್ಪಿತ ವಾಕ್ಯದ ‘ವುಡ್’ ಎಂಬುದು ಕನ್ನಡದ ಕಲಿಕೆದಾರರಿಗೆ ಪೂರ್ತಿ ಹೊಸದಲ್ಲ.

3. ಎರಡು ಭಾಷೆಗಳು ಬೇರೆಯಾಗುವ ಕಡೆ

ತೊಡಕು ಎರಡು ಕಡೆ ಹುಟ್ಟುತ್ತದೆ. ಮೊದಲನೆಯದು ಷರತ್ತಿನ ಭಾಗದ್ದು. ‘ಬಂದರೆ’, ‘ಮಾಡಿದರೆ’, ‘ಇದ್ದರೆ’ ಇವೆಲ್ಲ ಭೂತಕಾಲದ ಅಂಗಕ್ಕೆ ‘ರೆ’ ಸೇರಿ ಆದ ರೂಪಗಳು. ನಿಜವಾಗಬಹುದಾದ ಷರತ್ತಿಗೂ ಕಲ್ಪಿತ ಷರತ್ತಿಗೂ ಇದೇ ರೂಪ ಸಲ್ಲುವುದರಿಂದ ಅದರೊಳಗಿನ ಭೂತವನ್ನು ಮಾತನಾಡುವವರು ಗಮನಿಸುವುದಿಲ್ಲ. (ಅ) ಮತ್ತು (ಆ)ಗಳನ್ನು ಬೇರ್ಪಡಿಸುವ ಹೊಣೆಯೆಲ್ಲ ಫಲ ಹೇಳುವ ಕ್ರಿಯಾಪದದ ಮೇಲಿದೆ. ಇಂಗ್ಲಿಷ್ ಎರಡೂ ಭಾಗಗಳಲ್ಲಿ ಗುರುತು ಕೇಳುತ್ತದೆ. ಹಾಗಾಗಿ ಮೇಲೆ ಉದಾಹರಿಸಿದ ತಪ್ಪುವಾಕ್ಯದಲ್ಲಿ ‘ವುಡ್’ ಸರಿಯಾಗಿದ್ದು ‘ಹ್ಯಾವ್’ ತಪ್ಪಿರುವುದು ಆಕಸ್ಮಿಕವಲ್ಲ.

ಎರಡನೆಯದು ಕಾಲದ್ದು. ‘ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’ ಎಂಬ ಮಾತು ಇಂದಿಗೂ ಅನ್ವಯಿಸಬಹುದು, ಕಳೆದ ವರ್ಷಕ್ಕೂ ಅನ್ವಯಿಸಬಹುದು. ‘ಕೊಟ್ಟಿರುತ್ತಿದ್ದೆ’ ಎಂಬ ರೂಪ ಇದ್ದರೂ ಅದು ಕಡ್ಡಾಯವಲ್ಲ. ಸಂದರ್ಭವೋ ‘ಆಗ’, ‘ಈಗ’ ಎಂಬ ಪದಗಳೋ ಕಾಲವನ್ನು ತಿಳಿಸುತ್ತವೆ. ಇಂಗ್ಲಿಷಿನಲ್ಲಾದರೋ ‘ಇಫ್ ಐ ಹ್ಯಾಡ್’, ‘ಇಫ್ ಐ ಹ್ಯಾಡ್ ಹ್ಯಾಡ್’ ಎಂಬ ಆಯ್ಕೆ ತಪ್ಪದು. ಎರಡನೆಯ ಮತ್ತು ಮೂರನೆಯ ವಿಧಗಳು ಕಲಸಿಹೋಗುವುದಕ್ಕೆ ಇಲ್ಲಿ ಕಾರಣವಿದೆ.

ಇಂಥ ತಪ್ಪುಗಳಿಂದ ವಿದ್ಯಾರ್ಥಿಯ ಆಲೋಚನಾಶಕ್ತಿಯನ್ನು ಅಳೆಯುವುದು ಅನ್ಯಾಯ. ಚೀನೀ ಭಾಷೆಯಲ್ಲಿ ಪ್ರತ್ಯೇಕ ಗುರುತಿಲ್ಲದ್ದರಿಂದ ಅದನ್ನಾಡುವವರು ವಾಸ್ತವವಿರುದ್ಧ ತರ್ಕಕ್ಕೆ ಅಷ್ಟಾಗಿ ಒಗ್ಗುವುದಿಲ್ಲವೆಂದು ಆಲ್ಫ್ರೆಡ್ ಬ್ಲೂಮ್ 1981ರಲ್ಲಿ ವಾದಿಸಿದ್ದರು. ಟೆರ್ರಿ ಔ 1983ರಲ್ಲಿ ಸಹಜವಾದ ಚೀನೀ ಕಥೆಗಳನ್ನು ಕೊಟ್ಟು ಪರೀಕ್ಷಿಸಿದಾಗ ಆ ವಾದ ನಿಲ್ಲಲಿಲ್ಲ.

4. ತರಗತಿಗೆ ಒಂದು ಕ್ರಮ

ಮೊದಲ ಹಂತದಲ್ಲಿ (ಅ), (ಆ) ಥರದ ಕನ್ನಡ ಜೋಡಿಗಳನ್ನೇ ಹಲಗೆಯ ಮೇಲೆ ಬರೆದು ‘ದುಡ್ಡಿದೆಯೇ?’ ಎಂದು ಕೇಳಬೇಕು. ವಿದ್ಯಾರ್ಥಿಗಳ ಉತ್ತರದಿಂದಲೇ ಭೂತರೂಪ ಮತ್ತು ಅವಾಸ್ತವದ ನಂಟು ಹೊರಬರಲಿ. ಅನಂತರ ಇಂಗ್ಲಿಷ್ ಜೋಡಿಯನ್ನು ಪಕ್ಕದಲ್ಲಿಟ್ಟು, ಗುರುತು ಒಂದು ಕಡೆ ಇದೆಯೋ ಎರಡು ಕಡೆ ಇದೆಯೋ ಹುಡುಕಿಸಬೇಕು.

ಎರಡನೆಯ ಹಂತ ಕಾಲದ ಪ್ರಶ್ನೆ. ಪ್ರತಿ ವಾಕ್ಯಕ್ಕೂ ‘ನಿಜವೇ?’, ‘ಯಾವಾಗ?’ ಎಂಬ ಎರಡೇ ಪ್ರಶ್ನೆಗಳು. ಕನ್ನಡ ಸಂದರ್ಭಕ್ಕೆ ಬಿಡುವ ಕಾಲವನ್ನು ಬಾಯಿಬಿಟ್ಟು ಹೇಳಿಸಿದ ಮೇಲೆ ‘ಹ್ಯಾಡ್ ಹ್ಯಾಡ್’ ಏಕೆ ಬೇಕೆಂಬುದು ಸ್ಪಷ್ಟವಾಗುತ್ತದೆ. ‘ಇಫ್ ಐ ವರ್’ ಕುರಿತ ಚರ್ಚೆಯನ್ನು ಈ ಹಂತದಲ್ಲಿ ಎತ್ತುವ ಅಗತ್ಯವಿಲ್ಲ.

ಮೂರನೆಯ ಹಂತಕ್ಕೆ ಎನ್.ಎಸ್. ಪ್ರಭು ಅವರ ಬೆಂಗಳೂರು ಯೋಜನೆ ದಾರಿ ತೋರಿಸುತ್ತದೆ. 1979ರಿಂದ 1984ರವರೆಗೆ ನಡೆದ ಆ ಪ್ರಯೋಗದಲ್ಲಿ ವ್ಯಾಕರಣವನ್ನು ನೇರವಾಗಿ ಕಲಿಸದೆ, ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ತರ್ಕಿಸುವ ಕೆಲಸ ಮಾಡಿಸುತ್ತಿದ್ದರು. ಇಲ್ಲಿನ ಕ್ರಮ ರಚನೆಯನ್ನು ವಿವರಿಸುವುದರಿಂದ ಪ್ರಭು ಅವರ ನಿಲುವಿಗಿಂತ ಭಿನ್ನ; ಆದರೆ ತರ್ಕದ ಕೆಲಸ ಕಲ್ಪಿತ ವಾಕ್ಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಬೆಳಗಿನ ರೈಲು ತಪ್ಪಿಸಿಕೊಂಡು ಸಂದರ್ಶನಕ್ಕೆ ತಡವಾಗಿ ತಲುಪಿದವಳ ಪ್ರಸಂಗವನ್ನೂ ರೈಲು, ಬಸ್ಸುಗಳ ವೇಳಾಪಟ್ಟಿಯನ್ನೂ ಕೊಟ್ಟು, ಅವಳು ಬಸ್ಸು ಹಿಡಿದಿದ್ದರೆ ಎಷ್ಟು ಹೊತ್ತಿಗೆ ತಲುಪುತ್ತಿದ್ದಳೆಂದು ಕೇಳಬಹುದು. ಲೆಕ್ಕ ಮಾಡದೆ ಉತ್ತರವಿಲ್ಲ, ಕಲ್ಪಿತ ವಾಕ್ಯವಿಲ್ಲದೆ ಉತ್ತರವನ್ನು ಪೂರ್ತಿಯಾಗಿ ಹೇಳಲಾಗದು.

5. ಉಪಸಂಹಾರ

ಈ ವಿಶ್ಲೇಷಣೆ ಸರಿಯಾದರೆ, ಕನ್ನಡದ ಕಲಿಕೆದಾರರು ಫಲದ ಭಾಗಕ್ಕಿಂತ ಷರತ್ತಿನ ಭಾಗದಲ್ಲಿ ಹೆಚ್ಚು ತಪ್ಪಬೇಕು. ಯಾವ ಶಿಕ್ಷಕರಾದರೂ ತಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲೇ ಇದನ್ನು ಪರೀಕ್ಷಿಸಿ ನೋಡಬಹುದು. ಪ್ರಶ್ನೆಪತ್ರಿಕೆಯೂ ಬದಲಾಗಬೇಕು: ಕ್ರಿಯಾರೂಪ ತುಂಬಿಸುವ ಜತೆಗೆ, ವಾಕ್ಯದಲ್ಲಿ ಹೇಳಿದ ಘಟನೆ ನಿಜಕ್ಕೂ ನಡೆಯಿತೇ ಎಂದೂ ಕೇಳಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ಕಲಿಕೆಯ ಸಂಪನ್ಮೂಲವೆಂದು ಒಪ್ಪಿದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನು ಅರ್ಥ ಹೇಳಲಿಕ್ಕೆ ಮಾತ್ರ ಬಳಸಿದರೆ ಆ ಒಪ್ಪಿಗೆ ಕಾಗದದಲ್ಲೇ ಉಳಿಯುತ್ತದೆ. ಕನ್ನಡದ ರಚನೆಯನ್ನು ಬಲ್ಲ ಇಂಗ್ಲಿಷ್ ಶಿಕ್ಷಕರನ್ನು ರೂಪಿಸುವುದು ಶಿಕ್ಷಕರ ತರಬೇತಿಯ ಮುಖ್ಯ ಕೆಲಸವಾಗಬೇಕು.